ದುಯೆರೊ ಕಣಿವೆಯ ಕೋಟೆಗಳು: ಯಾರ ಖಾತೆಗೆ ಜಮೆ?

ಸ್ಪೇನ್ ಎಂದರೆ ನಮ್ಮ ತರಗತಿಯ ಹೆಚ್ಚಿನವರಿಗೆ ಫುಟ್‌ಬಾಲ್. ಮನೆಯಲ್ಲಿ ಉರ್ದು ಮಾತಾಡುವ ನಮ್ಮಂಥವರಿಗೆ ಅದರ ಇನ್ನೊಂದು ಹೆಸರೂ ಗೊತ್ತು: ಅಂದಲುಸ್. ಮನೆಯ ಹಿರಿಯರು ಆ ಹೆಸರು ತೆಗೆದರೆ ಕುರ್ತುಬಾದ ಮಸೀದಿ, ಗರ್ನಾತಾದ ಅಲ್‌ಹಂಬ್ರಾ ಎರಡನ್ನೂ ನೆನೆದು, ಕೊನೆಗೆ "ಅದೆಲ್ಲ ನಮ್ಮದಾಗಿತ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಆ ಎರಡೂ ಊರುಗಳ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ನಾನು ಇಲ್ಲಿ ನಿಮ್ಮನ್ನು ಕರೆದುಕೊಂಡು ಹೋಗುವುದು ದೂರದ ಉತ್ತರಕ್ಕೆ, ಗೋಧಿ ಹೊಲ, ಒಣಗುಡ್ಡ ಮತ್ತು ಪಾಳುಗೋಡೆಗಳ ಒಂದು ಹಳ್ಳಿಗಾಡಿಗೆ. ನಾನು ಅಲ್ಲಿಗೆ ಹೋಗಿ ಬಂದವಳಲ್ಲ. ದಸರಾ ರಜೆಯಲ್ಲಿ ಪುಸ್ತಕ, ಚಿತ್ರ ಮತ್ತು ಮೊಬೈಲಿನ ಉಪಗ್ರಹ ನಕ್ಷೆ ಇಟ್ಟುಕೊಂಡು ಆ ಕಣಿವೆಯನ್ನು ಊರಿಂದೂರಿಗೆ ನೋಡಿದೆ. ನಾನು ಕಾಮರ್ಸ್ ವಿದ್ಯಾರ್ಥಿನಿ ಆದ್ದರಿಂದ ಲೆಕ್ಕದ ಮಾತು ನಡುವೆ ಬಂದರೆ ಗೆಳತಿಯರು ಸಹಿಸಿಕೊಳ್ಳಬೇಕು.

ದುಯೆರೊ ನದಿ ಸೋರಿಯಾ ಪ್ರಾಂತದ ಪರ್ವತದಲ್ಲಿ ಹುಟ್ಟಿ, ಪಶ್ಚಿಮಕ್ಕೆ ಸುಮಾರು 900 ಕಿ.ಮೀ. ಹರಿದು, ಪೋರ್ಚುಗಲ್‌ನ ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸೇರುತ್ತದೆ. 10ನೇ ಶತಮಾನದಲ್ಲಿ ದಕ್ಷಿಣಕ್ಕೆ ಕುರ್ತುಬಾದ ಖಲೀಫರ ರಾಜ್ಯವಿತ್ತು. ಉತ್ತರಕ್ಕೆ ಲಿಯೋನ್, ಕ್ಯಾಸ್ಟೈಲ್, ನವಾರಾ ಎಂಬ ಕ್ರೈಸ್ತ ರಾಜ್ಯಗಳಿದ್ದವು. ನಡುವೆ ಈ ನದಿ. ಸೇತುವೆ ಮತ್ತು ಹಾಯ್ಗಡ ಯಾರ ಕೈಯಲ್ಲಿದೆಯೋ ದಾರಿ ಅವರದು. ಹೀಗಾಗಿ ಹೊಳೆಯುದ್ದಕ್ಕೂ ಗುಡ್ಡದ ಮೇಲೊಂದು ಕೋಟೆ, ಕೋಟೆಗಳ ನಡುವೆ ಕಾವಲು ಗೋಪುರ. ಹಗಲು ಹೊಗೆ, ರಾತ್ರಿ ಬೆಂಕಿ ಹಾಕಿ ಒಂದು ಗೋಪುರದವರು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು.

ಪಶ್ಚಿಮದಿಂದ ಹೊಳೆಯ ಎದುರಿಗೆ ಹೊರಟರೆ ಮೊದಲು ಸಿಗುವುದು ಸಾನ್ ಎಸ್ತೆಬಾನ್ ದೆ ಗೋರ್ಮಾಸ್. ಇಲ್ಲಿ ಕೋಟೆ ಎಂದು ಉಳಿದಿರುವುದು ಗುಡ್ಡದ ಮೇಲಿನ ಗೋಡೆಯ ತುಂಡು ಮಾತ್ರ. ಆದರೆ ಅದರ ಕೆಳಗೆ 1081ರ ಸಾನ್ ಮಿಗೆಲ್ ಚರ್ಚ್ ಇದೆ. ಅದರ ಜಗಲಿಯ ಕಲ್ಲುಗಳಲ್ಲಿ ಮುಸಲ್ಮಾನರ ಉಡುಪು ತೊಟ್ಟ, ಪೇಟ ಸುತ್ತಿದ ಮನುಷ್ಯರನ್ನು ಕೆತ್ತಿದ್ದಾರೆ. ಗಡಿ ಎಂದರೆ ಕತ್ತಿ ಹಿಡಿದು ನಿಲ್ಲುವ ಜಾಗ ಎಂದಷ್ಟೇ ಪಾಠದಲ್ಲಿ ಓದುತ್ತೇವೆ. ಈ ಕಲ್ಲುಕುಟಿಗರು ಆಚೆಯವರ ಪೇಟದ ಸುತ್ತುಗಳನ್ನು ಹತ್ತಿರದಿಂದಲೇ ನೋಡಿರಬೇಕು.

ಅಲ್ಲಿಂದ ಮುಂದೆ ಒಸ್ಮಾ ದಾಟಿದರೆ ಗೋರ್ಮಾಸ್. ಈ ಕಣಿವೆಯಲ್ಲಿ ಒಂದೇ ಕೋಟೆ ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು ಎಂದು ನನ್ನ ಅಭಿಪ್ರಾಯ. ಖಲೀಫ ಎರಡನೇ ಅಲ್ ಹಕಮ್ ಅವರ ಕಾಲದಲ್ಲಿ, 965ರಲ್ಲಿ, ಸೇನಾಪತಿ ಗಾಲಿಬ್ ಇದನ್ನು ಕಟ್ಟಿಸಿದರು. (ನಮ್ಮ ಮನೆಗಳಲ್ಲಿ ಗಾಲಿಬ್ ಎಂದರೆ ದೆಹಲಿಯ ಶಾಯರ್. ಇವರು ಬೇರೆ, ಕವಿತೆ ಬರೆದವರಲ್ಲ.) ಗುಡ್ಡದ ನೆತ್ತಿ ಹೇಗೆ ಉದ್ದವೋ ಕೋಟೆಯೂ ಹಾಗೇ ಉದ್ದ ಮತ್ತು ಸಪೂರ. ಉದ್ದ ಸುಮಾರು 380 ಮೀಟರ್, ಗೋಡೆಯ ಸುತ್ತಳತೆ ಸುಮಾರು 1,200 ಮೀಟರ್. ಓಟದ ಮೈದಾನದ ಒಂದು ಸುತ್ತು 400 ಮೀಟರ್ ಎಂದುಕೊಂಡರೆ, ಈ ಗೋಡೆಯನ್ನು ಸುತ್ತಿ ಬರುವುದು ಮೂರು ಸುತ್ತು ಓಡಿದಂತೆ. ಅದೂ ಸಪಾಟು ನೆಲದಲ್ಲಲ್ಲ, ಗುಡ್ಡದ ತುದಿಯಲ್ಲಿ. ಗೋಡೆಗೆ ಇಪ್ಪತ್ತೈದಕ್ಕಿಂತ ಹೆಚ್ಚು ಬುರುಜುಗಳಿವೆ.

ದಕ್ಷಿಣದ ಹೆಬ್ಬಾಗಿಲಿನ ಚಿತ್ರವನ್ನು ನಾನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ ಲೆಕ್ಕವಿಲ್ಲ. ಕುದುರೆಲಾಳದ ಆಕಾರದ ಕಮಾನು, ಅದರ ಸುತ್ತ ಚೌಕಟ್ಟು. ಕುರ್ತುಬಾದ ಮಸೀದಿಯಲ್ಲಿರುವ ಅದೇ ಮಾದರಿ. ಕಲ್ಲನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟು ಕಟ್ಟುವ ಪದ್ಧತಿಯೂ ರಾಜಧಾನಿಯದೇ. ಇಷ್ಟು ದೂರದ ಗಡಿಯಲ್ಲಿ, ಶತ್ರು ಮಾತ್ರ ನೋಡುವ ಜಾಗದಲ್ಲಿ, ಇಷ್ಟು ಚೆಂದದ ಬಾಗಿಲು ಯಾಕೆ? ಶತ್ರು ನೋಡಲಿ ಎಂದೇ ಇರಬೇಕು. ಕೋಟೆಯ ಪೂರ್ವದ ತುದಿಯಲ್ಲಿ ಅಧಿಕಾರಿಯ ವಾಸಸ್ಥಾನ, ಪಶ್ಚಿಮದಲ್ಲಿ ಸೈನಿಕರಿಗೆ ಬಿಟ್ಟ ಬಯಲು, ಅಲ್ಲಿ ನೀರಿನ ಕೊಳ. ಗುಡ್ಡದ ಮೇಲೆ ಸಾವಿರಾರು ಜನರನ್ನು ನಿಲ್ಲಿಸುವುದು ಕತ್ತಿಯ ಕೆಲಸಕ್ಕಿಂತ ಮೊದಲು ನೀರು ಮತ್ತು ಧಾನ್ಯದ ಕೆಲಸ.

ಇಲ್ಲಿ ಪದಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೋಟೆಯ ನೀರಿನ ತೊಟ್ಟಿಗೆ ಸ್ಪ್ಯಾನಿಷ್‌ನಲ್ಲಿ ಅಲ್ಹಿಬೆ ಎನ್ನುತ್ತಾರೆ. ಅದು ಅರಬ್ಬಿಯ ಅಲ್ ಜುಬ್. ಯೂಸುಫ್ ಅಲೈಹಿಸ್ಸಲಾಮರನ್ನು ಅಣ್ಣಂದಿರು ತಳ್ಳಿದ ಬಾವಿಗೆ ಕುರ್‌ಆನಿನಲ್ಲಿ ಬರುವ ಪದವೂ ಇದೇ. ಉಗ್ರಾಣಕ್ಕೆ ಅಲ್ಮಾಸೆನ್, ಅಂದರೆ ಅಲ್ ಮಖ್ಜನ್. ಸುಂಕದ ಕಟ್ಟೆಗೆ ಅದುವಾನಾ, ಅದು ನಮ್ಮ ದಿವಾನ. ದರಪಟ್ಟಿಗೆ ತರೀಫಾ, ಅದರ ಮೂಲದ ಅರಬ್ಬಿ ಪದವೇ ಉರ್ದುವಿನಲ್ಲಿ ತಾರೀಫ್, ಹೊಗಳಿಕೆ. ಎಪಿಎಂಸಿಯಲ್ಲಿ ನಾವು ದಿನವೂ ಕೇಳುವ ಕ್ವಿಂಟಾಲ್ ಕೂಡ ಅರಬ್ಬಿಯ ಕಿಂತಾರ್ ಮೂಲಕ ಯುರೋಪಿಗೆ ಹೋದ ಪದ, ಅದಕ್ಕೂ ಹಿಂದೆ ಅರಬ್ಬರು ಅದನ್ನು ಗ್ರೀಕರಿಂದ ಪಡೆದಿದ್ದರು. ಕ್ವಿಂಟಾಲಿನ ಕಾಲು ಭಾಗ ಅರ್ರೋಬಾ, ಅರಬ್ಬಿಯಲ್ಲಿ ಅರ್ ರುಬಅ್, ಅಂದರೆ ಕಾಲು. ಕೋಟೆಗೆ ಅಲ್ಕಸಾಬಾ ಎನ್ನುವುದು ಅಲ್ ಕಸಬಾ. ನಮ್ಮ ಪಹಣಿಯಲ್ಲಿ "ಕಸಬಾ ಹೋಬಳಿ" ಎಂದು ಬರೆದಿರುತ್ತದಲ್ಲ, ಅದೇ. ಕಿಲ್ಲೆ, ಬುರುಜು, ಕಸಬಾ ಎಂದು ನಾವು ಕನ್ನಡದಲ್ಲಿ ಹೇಳುವಾಗ ಇವು ಯಾರ ಮಾತು ಎಂದು ಯಾರೂ ಕೇಳುವುದಿಲ್ಲ. ಸ್ಪೇನಿನ ರೈತನೂ ಕೇಳಿಕೊಳ್ಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. "ನಮ್ಮದು", "ಅವರದು" ಎಂದು ಎರಡು ಕಾಲಂ ಹಾಕಿ ಗೋರ್ಮಾಸ್ ಕೋಟೆಯ ಇತಿಹಾಸವನ್ನು ನಮೂದಿಸುತ್ತಾ ಹೋಗಿ. 975ರಲ್ಲಿ ಕ್ಯಾಸ್ಟೈಲ್‌ನ ಅಧಿಪತಿ ಗಾರ್ಸಿಯಾ ಫೆರ್ನಾಂಡೆಸ್, ಲಿಯೋನ್ ಮತ್ತು ನವಾರಾದ ಸೈನ್ಯದೊಂದಿಗೆ ಈ ಕೋಟೆಗೆ ಮುತ್ತಿಗೆ ಹಾಕಿದ. ಗಾಲಿಬ್ ಬಂದು ಮುತ್ತಿಗೆ ಮುರಿದರು. ಇಲ್ಲಿಯವರೆಗೆ ನಮೂದು ಸುಲಭ. ಆರು ವರ್ಷಗಳ ನಂತರ, 981ರಲ್ಲಿ, ಇದೇ ಪ್ರಾಂತದ ತೊರ್ರೆವಿಸೆಂತೆ ಎಂಬಲ್ಲಿ ಇಳಿವಯಸ್ಸಿನ ಗಾಲಿಬ್ ಕೊನೆಯ ಯುದ್ಧ ಮಾಡಿ ಸತ್ತರು. ಎದುರಿಗಿದ್ದವರು ಯಾರು? ಕುರ್ತುಬಾದಲ್ಲಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಿದ್ದ ಅಲ್ ಮನ್ಸೂರ್, ಗಾಲಿಬರ ಸ್ವಂತ ಅಳಿಯ. ಗಾಲಿಬರ ಪಕ್ಕದಲ್ಲಿ ನಿಂತಿದ್ದವನು ಯಾರು? ಗೋರ್ಮಾಸಿಗೆ ಮುತ್ತಿಗೆ ಹಾಕಿದ್ದ ಅದೇ ಗಾರ್ಸಿಯಾ ಫೆರ್ನಾಂಡೆಸ್! ಇನ್ನೊಂದು ವಿಷಯ: ಗಾಲಿಬ್ ಹುಟ್ಟಿನಿಂದ ಅರಬ್ಬರೂ ಅಲ್ಲ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಮೇಲೆ ಬಂದ ಸ್ಲಾವ್ ಮೂಲದವರು.

ಮುಂದಿನ ನಮೂದು ಇನ್ನೂ ಕಷ್ಟ. 1060ರ ಸುಮಾರಿಗೆ ಕೋಟೆ ಕ್ಯಾಸ್ಟೈಲ್ ದೊರೆ ಫರ್ನಾಂಡೋನ ಕೈಗೆ ಹೋಯಿತು. 1087ರಲ್ಲಿ ದೊರೆ ಆರನೇ ಅಲ್ಫೊನ್ಸೊ ಇದನ್ನು ರೊದ್ರಿಗೊ ದಿಯಾಸ್ ಎಂಬ ವೀರನಿಗೆ ಕೊಟ್ಟ. ಸ್ಪೇನಿನವರು ತಮ್ಮ ಮಹಾವೀರ ಎಂದು ಕೊಂಡಾಡುವ ಎಲ್ ಸಿದ್ ಇವನೇ. ಅದಕ್ಕೆ ಮುಂಚಿನ ಕೆಲವು ವರ್ಷ ಅವನು ಸರಗೋಸಾದ ಮುಸ್ಲಿಂ ದೊರೆಯ ಸೇವೆಯಲ್ಲಿ ದಂಡು ನಡೆಸಿದ್ದ. ಸಿದ್ ಎಂಬ ಬಿರುದೂ ಅರಬ್ಬಿಯ ಸಯ್ಯದ್. ನಮ್ಮ ಹಾಜರಿ ಪುಸ್ತಕದಲ್ಲಿ ಆ ಹೆಸರಿನವರು ಎಷ್ಟೋ ಮಂದಿ ಇದ್ದಾರೆ. ಇವನನ್ನು ಯಾವ ಕಾಲಂಗೆ ಹಾಕುತ್ತೀರಿ? ಎರಡೂ ಕಡೆ ಬರೆದರೆ ತಾಳೆಯಾಗುವುದಿಲ್ಲ, ಬಿಟ್ಟರೆ ಕೋಟೆಯ ಕಥೆಯೇ ಇಲ್ಲ.

1085ರಲ್ಲಿ ತೊಲೆದೊ ನಗರ ಅಲ್ಫೊನ್ಸೊನ ವಶವಾದ ಮೇಲೆ ಗಡಿ ದಕ್ಷಿಣಕ್ಕೆ ಸರಿಯಿತು. ಅಕೌಂಟೆನ್ಸಿಯಲ್ಲಿ ಸವಕಳಿ ಎಂದರೆ ಬಳಕೆಯಿಂದ ಸವೆಯುವುದಷ್ಟೇ ಅಲ್ಲ, ಕಾಲ ಬದಲಾಗಿ ಉಪಯೋಗ ತಪ್ಪುವುದೂ ಸೇರುತ್ತದೆ ಎಂದು ಓದಿದ್ದೇವೆ. ಗೋರ್ಮಾಸಿನ ಕಲ್ಲು ಗಟ್ಟಿಯಾಗಿಯೇ ಇತ್ತು, ಅದು ಕಾಯಬೇಕಿದ್ದ ಗಡಿ ಮಾತ್ರ ಅಲ್ಲಿರಲಿಲ್ಲ. 1931ರಲ್ಲಿ ಸ್ಪೇನ್ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಕೆಳಗಿನ ಹಳ್ಳಿಯಲ್ಲಿ ಈಗ ಐವತ್ತು ಜನರೂ ಇಲ್ಲ. ಸೋರಿಯಾ ಪ್ರಾಂತದಲ್ಲೇ ಚದರ ಕಿ.ಮೀ.ಗೆ ಸುಮಾರು 9 ಜನ. 2011ರ ಜನಗಣತಿಯಲ್ಲಿ ಕರ್ನಾಟಕದ್ದು 319.

ಇನ್ನೂ ಮೇಲಕ್ಕೆ ಹೋದರೆ ಬೆರ್ಲಂಗಾ ದೆ ದುಯೆರೊ. ಇಲ್ಲಿನ ದಪ್ಪ ಗೋಡೆ, ಗುಂಡು ಬುರುಜುಗಳ ಕೋಟೆ ಫಿರಂಗಿ ಕಾಲದ್ದು. 1535ರಲ್ಲಿ ಗಲಪಗೋಸ್ ದ್ವೀಪಗಳನ್ನು ಕಂಡ ಬಿಷಪ್ ತೊಮಾಸ್ ಈ ಊರಿನವರು. ಅವರು ತಂದರೆನ್ನುವ ಮೊಸಳೆಯ ಒಣಗಿದ ದೇಹ ಇಲ್ಲಿನ ಚರ್ಚಿನಲ್ಲಿ ಇಂದಿಗೂ ಇದೆ.

ಬೆರ್ಲಂಗಾದ ಹತ್ತಿರ, ಕಸಿಯಾಸ್ ಎಂಬ ಹಳ್ಳಿಯ ಹೊರಗೆ, ಸಾನ್ ಬೌದೇಲಿಯೊ ಎಂಬ ಪುಟ್ಟ ಪ್ರಾರ್ಥನಾ ಮಂದಿರವಿದೆ. ಹೊರಗಿನಿಂದ ಕಲ್ಲಿನ ಪೆಟ್ಟಿಗೆಯಂತೆ ಬೋಳು. ಒಳಗೆ ನಡುವಿನ ಒಂದೇ ಕಂಬ ಖರ್ಜೂರದ ಮರದಂತೆ ಮೇಲೆದ್ದು, ಎಂಟು ಕಮಾನುಗಳಾಗಿ ಹರಡಿ ಛಾವಣಿಯನ್ನು ಹೊತ್ತಿದೆ. ಹಿಂದುಗಡೆ ಸಣ್ಣ ಸಣ್ಣ ಕಂಬಗಳ ಮೇಲೆ ಕುದುರೆಲಾಳದ ಕಮಾನುಗಳ ಸಾಲು, ಮಸೀದಿಯೊಂದನ್ನು ಚಿಕ್ಕದು ಮಾಡಿ ಚರ್ಚಿನೊಳಗೆ ಇಟ್ಟಂತೆ. ಗೋಡೆಗಳ ತುಂಬ ಬೇಟೆಗಾರ, ಮೊಲ, ಒಂಟೆ, ಬೆನ್ನ ಮೇಲೆ ಕೋಟೆ ಹೊತ್ತ ಆನೆ ಮುಂತಾದ ಚಿತ್ರಗಳಿದ್ದವು. ಇದು 1917ರಲ್ಲೇ ಸ್ಮಾರಕವಾಗಿತ್ತು. ಆದರೂ ಮಂದಿರದ ಒಡೆತನವಿದ್ದ ಹಳ್ಳಿಯವರು 1922ರಲ್ಲಿ ಚಿತ್ರಗಳನ್ನು ವ್ಯಾಪಾರಿಯೊಬ್ಬನಿಗೆ ಮಾರಿದರು. ಬಡವರ ಹಳ್ಳಿ, ನಾನು ಅವರನ್ನು ಬೈಯಲಾರೆ. ಚಿತ್ರಗಳನ್ನು ಗೋಡೆಯಿಂದ ಬಟ್ಟೆಗೆ ಎತ್ತಿಕೊಂಡು ಅಮೆರಿಕಕ್ಕೆ ಸಾಗಿಸಿದರು. 1957ರಲ್ಲಿ ಕೆಲವು ಸ್ಪೇನಿಗೆ ಮರಳಿದವು, ಅದೂ ಇನ್ನೊಂದು ಹಳೆಯ ಚರ್ಚಿನ ಕಲ್ಲುಗಳನ್ನು ಬದಲಿಗೆ ಕೊಟ್ಟು. ಆನೆ ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ, ಒಂಟೆ ನ್ಯೂಯಾರ್ಕ್‌ನಲ್ಲಿ. ಕಸಿಯಾಸಿನ ಗೋಡೆಯ ಮೇಲೆ ಬಣ್ಣದ ಮಸುಕಾದ ಗುರುತು ಉಳಿದಿದೆ. ಒಳಗೆ ಹೋದವರು ಸ್ವಲ್ಪ ಹೊತ್ತು ಕಣ್ಣು ಹೊಂದಿಸಿಕೊಂಡು ನಿಂತರೆ ಪ್ರಾಣಿಗಳ ಆಕಾರ ಕಾಣುತ್ತದೆ.