ಊರನ್ನು ಸಾಕಿದ ಕಾಲುವೆಗಳು

ಹೊಸಪೇಟೆಯ ಹೆಸರನ್ನೆತ್ತಿದೊಡನೆ ಪರಸ್ಥಳದವರು ಹಂಪೆಯ ವಿಚಾರವನ್ನು ಕೇಳುವರು. ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಉಗ್ರನರಸಿಂಹ, ಇವುಗಳ ಮಾತು ಮುಗಿಯಿತೆಂದರೆ ನಮ್ಮ ಊರಿನ ವಿಷಯದಲ್ಲಿ ಕೇಳತಕ್ಕುದು ಮತ್ತೇನೂ ಇಲ್ಲವೆಂದು ಭಾವಿಸುವರು. ಇಲ್ಲಿಯೇ ಹುಟ್ಟಿ ಬೆಳೆದು, ಮದುವೆಯಾಗಿ ದೂರ ಹೋಗಿ, ರಜೆಯಲ್ಲಿ ಮಕ್ಕಳೊಡನೆ ಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು ಮಕ್ಕಳಿಗೆ ತೋರಿಸುವುದು ಅದನ್ನೇ. ಕಲ್ಲುಗಳ ವಿಷಯವಾಗಿ ಗ್ರಂಥಗಳು ಬೇಕಾದಷ್ಟಿವೆ. ನಾವು ಇಲ್ಲಿ ನೀರಿನ ವಿಷಯವನ್ನು ಹೇಳಬೇಕೆಂದಿರುವೆವು. ವಿಜಯನಗರವು 1565ರಲ್ಲಿ ಹಾಳಾಯಿತು. ಆದರೆ ಅದರ ಅರಸರು ತೋಡಿಸಿದ ಕಾಲುವೆಗಳಲ್ಲಿ ನೀರು ಹರಿಯುವುದು ನಿಲ್ಲಲಿಲ್ಲ. ಅರಮನೆಯ ಅಡಿಗಟ್ಟು ಮಾತ್ರ ಉಳಿದ ಊರಿನಲ್ಲಿ ಗದ್ದೆಗೆ ನೀರು ಕಟ್ಟುವ ರೈತನ ಕೆಲಸವು ನಾಲ್ಕೂವರೆ ಶತಮಾನಗಳಿಂದ ನಡೆದುಕೊಂಡು ಬಂದಿದೆ. ಇದು ಸಾಮಾನ್ಯವಾದ ಸಂಗತಿಯಲ್ಲ.

ಮೊದಲು ಊರಿನ ಹೆಸರು. ಕೃಷ್ಣದೇವರಾಯನು ರಾಜಧಾನಿಯ ನೈರುತ್ಯಕ್ಕೆ ಏಳೆಂಟು ಮೈಲು ದೂರದಲ್ಲಿ ಒಂದು ಹೊಸ ಪಟ್ಟಣವನ್ನು ಕಟ್ಟಿಸಿ ಅದಕ್ಕೆ ನಾಗಲಾಪುರವೆಂದು ಹೆಸರಿಟ್ಟನು. ಜನರು ಅದನ್ನು ಹೊಸ ಪೇಟೆಯೆಂದು ಕರೆದರು. ಜನರ ಹೆಸರೇ ಉಳಿಯಿತು. ನಾಗಲಾದೇವಿಯು ರಾಯನ ತಾಯಿಯೆಂದು ಕೆಲವರು, ಮಡದಿಯೆಂದು ಕೆಲವರು ಹೇಳುವರು. ಆ ವಾದವನ್ನು ವಿದ್ವಾಂಸರಿಗೆ ಬಿಡೋಣ. ತಾಯಿಯಾಗಲಿ ಮಡದಿಯಾಗಲಿ, ಊರಿಗೆ ಇಟ್ಟ ಹೆಸರು ಹೆಂಗಸಿನದೆಂಬುದನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳದೆ ಬಿಡುವುದು ತರವಲ್ಲ.

ಹೊಸ ಪಟ್ಟಣಕ್ಕೆ ನೀರು ಬೇಕಾಯಿತು. ಸಂಡೂರಿನ ಕಡೆಯಿಂದ ಬರುವ ಬೆಟ್ಟಗಳ ಸಾಲು ಹೊಸಪೇಟೆಯ ಬಳಿ ಮುಗಿಯುವ ಸ್ಥಳದಲ್ಲಿ, ಎರಡು ಬೆಟ್ಟಗಳ ನಡುವೆ ಅಡ್ಡಲಾಗಿ ಏರಿಯನ್ನು ಹಾಕಿ ರಾಯನು ದೊಡ್ಡ ಕೆರೆಯನ್ನು ಕಟ್ಟಿಸಿದನು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆ ಕೆಲಸ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡು, ಹದಿನೈದಿಪ್ಪತ್ತು ಸಾವಿರ ಜನರು ಇರುವೆಗಳಂತೆ ನೆಲ ಕಾಣದಷ್ಟು ತುಂಬಿದ್ದರೆಂದು ಬರೆದಿರುವನು. ಏರಿಯು ಎರಡು ಮೂರು ಸಲ ಒಡೆಯಿತಂತೆ. ಆಗ ನರಬಲಿಯನ್ನು ಕೊಟ್ಟರೆಂದೂ ಅವನೇ ಹೇಳುವನು. ಕೆಲವು ವರ್ಷಗಳ ತರುವಾಯ ಬರೆದ ನೂನಿಜನು, ಗೋವೆಯ ಗವರ್ನರನು ಕಳುಹಿಸಿಕೊಟ್ಟ ಒಬ್ಬ ಕಲ್ಲುಕುಟಿಗನ ಸಹಾಯವೂ ಈ ಕೆಲಸಕ್ಕೆ ದೊರೆಯಿತೆಂದು ತಿಳಿಸುವನು. ಈಗ ಆ ರಾಯಕೆರೆಯಲ್ಲಿ ನೀರಿಲ್ಲ. ಏರಿಯ ಮೇಲೆ ಸಂಡೂರಿನ ರಸ್ತೆ ಹೋಗುತ್ತದೆ. ಮೋಟಾರಿನಲ್ಲಿ ಹೋಗುವವರಲ್ಲಿ ಎಷ್ಟು ಮಂದಿಗೆ ತಾವು ಕೆರೆಯ ಏರಿಯ ಮೇಲಿರುವೆವೆಂಬ ಅರಿವಿರುವುದೋ ನಾವು ಕಾಣೆವು.

ಕೆರೆ ಬತ್ತಿತು; ಹೊಳೆಯ ಕಾಲುವೆಗಳು ಬತ್ತಲಿಲ್ಲ. ಅವುಗಳ ರಚನೆಯನ್ನು ಸ್ವಲ್ಪ ವಿವರಿಸಬೇಕು. ತುಂಗಭದ್ರೆಯು ನಮ್ಮ ಭಾಗದಲ್ಲಿ ಬಂಡೆಗಳ ನಡುವೆ, ನಡುಗಡ್ಡೆಗಳನ್ನು ಬಳಸಿ, ಅನೇಕ ಕವಲುಗಳಾಗಿ ಹರಿಯುವಳು. ವಿಜಯನಗರದ ಕಾಲದ ಕೆಲಸಗಾರರು ಹೊಳೆಯನ್ನು ಪೂರಾ ತಡೆಯುವ ಪ್ರಯತ್ನವನ್ನು ಮಾಡಲಿಲ್ಲ. ಇದ್ದ ಬಂಡೆಯಿಂದ ಬಂಡೆಗೆ, ನಡುಗಡ್ಡೆಯಿಂದ ನಡುಗಡ್ಡೆಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಓರೆಯಾಗಿ ಜೋಡಿಸಿ ತಗ್ಗಾದ ಅಣೆಗಳನ್ನು ಕಟ್ಟಿದರು. ಮಳೆಗಾಲದ ಮಹಾಪೂರವು ಅಣೆಯ ಮೇಲೆಯೇ ಹಾಯ್ದು ಹೋಗುವುದು. ಬೇಸಗೆಯ ತೆಳುವಾದ ನೀರು ಮಾತ್ರ ಅಣೆಗೆ ತಾಗಿ ದಂಡೆಯ ಕಾಲುವೆಗೆ ತಿರುಗುವುದು. ಹೊಳೆಯೊಡನೆ ಜಗಳವಾಡದೆ ಅವಳಿಂದ ಬೇಕಾದಷ್ಟನ್ನು ಮಾತ್ರ ಕೇಳಿಕೊಳ್ಳುವ ಈ ಜಾಣತನವೇ ಅವುಗಳ ದೀರ್ಘಾಯುಷ್ಯಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ಹೊಸಪೇಟೆಯೊಳಗೆ ಹರಿಯುವ ಬಸವಣ್ಣ ಕಾಲುವೆ, ಕಮಲಾಪುರದ ಕೆರೆಗೆ ನೀರುಣಿಸುವ ರಾಯ ಕಾಲುವೆ, ಹಂಪೆಯ ಗುಡಿಗಳ ಮಧ್ಯದಲ್ಲಿ ಬಾಳೆ ಬತ್ತಗಳನ್ನು ಬೆಳೆಯಿಸುವ ತುರ್ತು ಕಾಲುವೆ, ಕೆಳಗೆ ರಾಮಸಾಗರ, ಕಂಪ್ಲಿ, ಸಿರುಗುಪ್ಪಗಳ ಕಾಲುವೆಗಳು, ಎಡದಂಡೆಯಲ್ಲಿ ಆನೆಗೊಂದಿ ಗಂಗಾವತಿಗಳವು, ಎಲ್ಲವೂ ಈ ಜಾತಿಯವೇ. ಬಸವಣ್ಣ ಕಾಲುವೆಯು 1521ರ ಸುಮಾರಿನಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದುದು.

ಬಳ್ಳಾರಿ ಸೀಮೆಯು ಕ್ಷಾಮಕ್ಕೆ ಹೆಸರಾದುದು. 1876ರಿಂದ 1878ರ ವರೆಗಿನ ದೊಡ್ಡ ಬರದ ನೆನಪು ನಮ್ಮ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿದ್ದಿತು. ಜೋಳ, ನವಣೆ, ಹತ್ತಿಗಳ ಒಣ ಸೀಮೆಯ ನಡುವೆ ಹೊಸಪೇಟೆಯಿಂದ ಕಂಪ್ಲಿಯ ವರೆಗೆ ಒಂದು ಹಸುರಿನ ಪಟ್ಟಿಯು ಇರುವುದಕ್ಕೆ ಈ ಕಾಲುವೆಗಳ ಹೊರತು ಬೇರೆ ಕಾರಣವಿಲ್ಲ. ಕಬ್ಬು ವರ್ಷಪೂರ್ತಿ ನೀರು ಬೇಡುವ ಬೆಳೆ. ಕಾಲುವೆಯು ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಹರಿಯುತ್ತಿದ್ದುದರಿಂದಲೇ ಇಲ್ಲಿ ಕಬ್ಬು ನಿಂತಿತು. ಗಾಣ ಹೂಡಿದ ದಿನಗಳಲ್ಲಿ ಕೊಪ್ಪರಿಗೆಯ ಹೊಗೆಯೂ ಕುದಿಯುವ ಕಬ್ಬಿನ ಹಾಲಿನ ಪರಿಮಳವೂ ದಾರಿಯವರೆಗೆ ಬರುತ್ತಿದ್ದುವು. ಗಾಣದ ಮುಂದೆ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ರೈತರ ನಡವಳಿಕೆ. 1930ರ ದಶಕದಲ್ಲಿ ಹೊಸಪೇಟೆಗೆ ಸಕ್ಕರೆಯ ಕಾರಖಾನೆಯೂ ಬಂದಿತು. ಬಹುಕಾಲ ಅದರ ಸಿಳ್ಳು ಊರಿನ ಗಡಿಯಾರವಾಗಿದ್ದಿತು. ಈಚಿನ ವರ್ಷಗಳಲ್ಲಿ ಅದು ಮುಚ್ಚಿಹೋಗಿದೆ.

ಕಾಲುವೆಯು ಹೊಲಕ್ಕೆ ಮಾತ್ರ ಸಂಬಂಧಪಟ್ಟುದಾಗಿರಲಿಲ್ಲ. ನಲ್ಲಿಗಳು ಮನೆಮನೆಗೆ ಬರುವುದಕ್ಕೆ ಮುಂಚೆ ಊರಿನ ಹೆಂಗಸರ ಮುಂಜಾವು ಕಾಲುವೆಯ ಮೆಟ್ಟಲುಗಳ ಮೇಲೆಯೇ ಕಳೆಯುತ್ತಿದ್ದಿತು. ಬಟ್ಟೆ ಒಗೆಯುವುದು, ಹಿತ್ತಾಳೆಯ ಕೊಡವನ್ನು ಹುಣಿಸೆಯಿಂದ ತಿಕ್ಕುವುದು, ಮದುವೆಯ ಮಾತು, ಹೆರಿಗೆಯ ಮಾತು, ಎಲ್ಲವೂ ಅಲ್ಲಿಯೇ. ಹೊರಗೆ ಹೋಗಲು ಅಪ್ಪಣೆ ಕೇಳಬೇಕಾಗಿದ್ದ ಸೊಸೆಯರಿಗೆ ಅದೊಂದೇ ಸಭೆಯಾಗಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಬೇಸಗೆಯಲ್ಲಿ ಹೂಳು ತೆಗೆಯಲು ನೀರನ್ನು ಕಟ್ಟಿದಾಗ ಹುಡುಗರು ಕೆಸರಿನಲ್ಲಿ ಮೀನು ಹಿಡಿಯುವರು; ಹೆಂಗಸರು ಮಾತ್ರ ಆ ದಿನಗಳನ್ನು ಬೈದುಕೊಳ್ಳುವರು.

ಆ ಕಾಲದ ಇನ್ನೊಂದು ವಿಶೇಷವನ್ನು ಈಗಿನ ಮಕ್ಕಳು ನಂಬುವುದು ಕಷ್ಟ. ಹೊಸಪೇಟೆಯಿಂದ ಹೊರಟವನು ಒಂದೇ ದಿನದಲ್ಲಿ ಮೂರು ಸರಕಾರಗಳ ನೆಲವನ್ನು ತುಳಿಯಬಹುದಾಗಿದ್ದಿತು. ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಹೊಳೆಯನ್ನು ದಾಟಿದರೆ ನಿಜಾಮನ ರಾಜ್ಯ. ಅಲ್ಲಿಯ ನಾಣ್ಯವೇ ಬೇರೆ, ಸುಂಕದ ಕಟ್ಟೆಯೂ ಬೇರೆ. ದಕ್ಷಿಣಕ್ಕೆ ಹೋದರೆ ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ. ಬೆಟ್ಟದ ಕೋಟೆಯೊಳಗೆ ಅಡಗಿದಂತಿರುವ ಆ ಕಣಿವೆಗೆ ಓಬಳಗಂಡಿ, ಭೀಮಗಂಡಿಗಳೆಂಬ ಇಕ್ಕಟ್ಟಾದ ಬಾಗಿಲುಗಳು. ಅವುಗಳ ಮೂಲಕ ನಾರಿಹಳ್ಳವು ಹಾದುಹೋಗುವುದು. ಸಂಡೂರು ಚಿಕ್ಕದಾದರೂ, ಅಲ್ಲಿಯ ಕುಮಾರಸ್ವಾಮಿಯ ಗುಡಿಯನ್ನು ಅಸ್ಪೃಶ್ಯರೆನಿಸಿಕೊಂಡಿದ್ದವರಿಗೆ 1932ರಲ್ಲಿಯೇ ತೆರೆದುದು ದೊಡ್ಡ ಸಂಸ್ಥಾನಗಳು ನಾಚುವಂಥ ಕೆಲಸ. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಿದ್ದರು. 1949ರ ಏಪ್ರಿಲ್ 1ರಂದು ಸಂಸ್ಥಾನವು ಮದರಾಸಿನಲ್ಲಿ ವಿಲೀನವಾಯಿತು.

ಕಂಪ್ಲಿಯ ಕೀರ್ತಿಯು ವಿಜಯನಗರಕ್ಕಿಂತಲೂ ಹಿಂದಿನದು. ಕಂಪಿಲರಾಯನೂ ಅವನ ಮಗ ಕುಮಾರರಾಮನೂ ದೆಹಲಿಯ ಸುಲ್ತಾನನ ಸೈನ್ಯದೊಡನೆ ಹೋರಾಡಿ 1327ರ ಸುಮಾರಿನಲ್ಲಿ ಮಡಿದರು. ಆ ಬೂದಿಯಿಂದಲೇ ಹಂಪೆಯು ಎದ್ದಿತೆಂದು ಹೇಳಬಹುದು. ಆದರೆ ನಮ್ಮ ಹುಡುಗಿಯರಿಗೆ ಕಂಪ್ಲಿಯೆಂದರೆ ಹರಿಗೋಲು. ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸಿದ ಈ ದುಂಡು ದೋಣಿಯನ್ನು ಪಾಯೆಸನೂ ವರ್ಣಿಸಿರುವನು. ನಡುಹೊಳೆಯಲ್ಲಿ ಅದು ಗಿರ್ರನೆ ತಿರುಗುವಾಗ ಕಣ್ಣು ಮುಚ್ಚದೆ ಕುಳಿತವಳು ಧೈರ್ಯಶಾಲಿನಿ.

ಇನ್ನು ಅಣೆಕಟ್ಟು. ತುಂಗಭದ್ರೆಗೆ ದೊಡ್ಡ ಕಟ್ಟೆಯನ್ನು ಹಾಕಬೇಕೆಂಬ ಯೋಚನೆಯು 1860ರಲ್ಲಿ ಸರ್ ಆರ್ಥರ್ ಕಾಟನ್ನನದು. ಎರಡು ಸರಕಾರಗಳ ನಡುವೆ ಒಪ್ಪಂದವಾಗಲು ಎಂಬತ್ತನಾಲ್ಕು ವರ್ಷಗಳು ಹಿಡಿದುವು. 1945ರ ಫೆಬ್ರವರಿ 28ರಂದು ಹೊಳೆಯ ಒಂದು ದಂಡೆಯಲ್ಲಿ ಹೈದರಾಬಾದಿನ ಯುವರಾಜರು, ಇನ್ನೊಂದರಲ್ಲಿ ಮದರಾಸಿನ ಗವರ್ನರರು ಅಡಿಗಲ್ಲನ್ನಿಟ್ಟರು. ಕಲ್ಲು, ಸುಣ್ಣ, ಸುರ್ಕಿಗಳಿಂದ ಎದ್ದ ಆ ಗೋಡೆಯು 1953ರಲ್ಲಿ ನೀರನ್ನು ಹಿಡಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಸೇರಿತು. ಆಲೂರು, ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಒಂದೇ ವರ್ಷದಲ್ಲಿ ನಮ್ಮ ಊರಿಗೆ ಹೊಸ ನೀರೂ ಬಂದಿತು, ಹೊಸ ರಾಜ್ಯವೂ ಬಂದಿತು.

ಕಟ್ಟೆಯಿಂದಾದ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ರಾಯಚೂರು ಬಳ್ಳಾರಿಗಳ ಲಕ್ಷಾಂತರ ಎಕರೆ ಕಪ್ಪು ನೆಲವು ಇಂದು ಬತ್ತವನ್ನು ಬೆಳೆಯುತ್ತಿರುವುದು ಅದರ ದೆಸೆಯಿಂದ. ಆದರೆ ಉದ್ಘಾಟನೆಯ ಕಲ್ಲಿನ ಮೇಲೆ ಬರೆಯದೆ ಬಿಟ್ಟ ಲೆಕ್ಕವೊಂದಿದೆ. ಸುಮಾರು 90 ಹಳ್ಳಿಗಳು ನೀರಿನಲ್ಲಿ ಮುಳುಗಿದುವು. ಸುಮಾರು 54 ಸಾವಿರ ಜನರು ಮನೆಮಠಗಳನ್ನು ಬಿಟ್ಟು ಏಳಬೇಕಾಯಿತು. ನಾರಾಯಣದೇವರ ಕೆರೆಯೆಂಬ ದೊಡ್ಡ ಊರೇ ಹೋಯಿತು. ಅಲ್ಲಿಯ ಜನರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ನೆಲೆಸಿದರು. ವಲ್ಲಭಾಪುರದ ಹಳೆಯ ಅಣೆಯೂ ಮುಳುಗಿತು. ನಾಲ್ಕು ಶತಮಾನಗಳ ಪೂರಗಳಿಗೆ ಜಗ್ಗದಿದ್ದ ಕಲ್ಲುಗಳು ಈಗ ಹೊಸ ಜಲಾಶಯದ ತಳದಲ್ಲಿವೆ. ರಾಯ, ಬಸವಣ್ಣ ಕಾಲುವೆಗಳಿಗೆ ಅಂದಿನಿಂದ ಕಟ್ಟೆಯಿಂದಲೇ ನೀರನ್ನು ಬಿಡುವರು. ಮುದುಕಿಯೊಬ್ಬಳನ್ನು ತವರೂರು ಯಾವುದೆಂದು ಕೇಳಿದರೆ, ಜಲಾಶಯದ ಕಡೆಗೆ ಕೈ ತೋರಿ ಸುಮ್ಮನಾಗುವುದನ್ನು ನಮ್ಮ ಸೀಮೆಯಲ್ಲಿ ಮಾತ್ರ ಕಾಣಬಹುದು. ತವರಿಗೆ ಹೋಗುವ ದಾರಿಯೇ ಇಲ್ಲದ ಹೆಣ್ಣುಮಕ್ಕಳ ಸಂಕಟವನ್ನು ಯಾವ ಸರಕಾರವು ಪರಿಹಾರದ ಪಟ್ಟಿಯಲ್ಲಿ ಸೇರಿಸೀತು?

ಹೊಸ ಕಟ್ಟೆಗೂ ವಯಸ್ಸಾಗುತ್ತ ಬಂದಿತು. ಆದಿಯಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದುದು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನು ಇಳಿಸಿ ಅದನ್ನು ಮುಚ್ಚಿದುದು ಕೆಲಸಗಾರರ ಸಾಹಸ. ಆ ದಿನಗಳಲ್ಲಿ ಹೊಳೆಯ ದಂಡೆಯ ಊರುಗಳಲ್ಲಿ ನಿದ್ರೆಯಿರಲಿಲ್ಲ. ಕೆಳಗಿರುವ ತುರ್ತು ಅಣೆಯಾದರೋ, ಇಂಥ ನೀರನ್ನು ಎಷ್ಟೋ ಸಲ ತಲೆಯ ಮೇಲೆ ಹಾಯಗೊಟ್ಟುದು.

ಹೊಸಪೇಟೆಯು 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಗಿದೆ. ಹಂಪೆಯು 1986ರಿಂದ ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿದೆ. ಆದರೆ ಊರೊಳಗಿನ ಬಸವಣ್ಣ ಕಾಲುವೆಗೆ ಚರಂಡಿಯ ನೀರೂ ಕಸವೂ ಸೇರುತ್ತಿರುವುದನ್ನು ನೋಡಿದವರು, ಅದೂ ಅದೇ ಅರಸನ ಕೃತಿಯೆಂದು ಊಹಿಸಲಾರರು. ಕಲ್ಲಿನ ಮಂಟಪದ ಮೇಲೆ ಹೆಸರು ಕೆತ್ತಿದವನನ್ನು ಹಿಡಿದು ದಂಡಿಸುವರು. ಕಾಲುವೆಗೆ ಕಸ ಎಸೆದವನನ್ನು ಕೇಳುವವರಿಲ್ಲ.

ಮುಳುಗಿದ ಊರುಗಳಿಂದ ಬಂದ ಮನೆತನದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ಇರುವರು. ಅವರಲ್ಲಿ ನಮ್ಮದೊಂದು ಬಿನ್ನಹವಿದೆ. ಊರನ್ನು ಬಿಟ್ಟಾಗ ಮಕ್ಕಳಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ತಾಯಿಯೋ ಅತ್ತೆಯೋ ಅಜ್ಜಿಯೋ ಮನೆಯಲ್ಲಿದ್ದರೆ, ಅವರ ಊರಿನ ಓಣಿಗಳ ಹೆಸರು, ಬಾವಿಗಳ ಹೆಸರು, ಹೊಲಗಳ ಹೆಸರು, ಎತ್ತಿನ ಗಾಡಿಯಲ್ಲಿ ಏನೇನು ಹೇರಿಕೊಂಡು ಬಂದರು, ಏನನ್ನು ಬಿಟ್ಟು ಬಂದರು ಎಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದು ಶಾಲೆಗೆ ಕಳುಹಿಸಿಕೊಡಬೇಕು. ಕಾಗದದ ಒಂದೇ ಮಗ್ಗುಲಲ್ಲಿ ಬರೆದರೆ ಸಾಕು. ಅಕ್ಷರದ ತಪ್ಪುಗಳನ್ನು ನಾವು ಎಣಿಸುವುದಿಲ್ಲ.