ಇಂದಿನ ಧಮ್ಮ ಚಿಂತನೆ: ಬೆಟ್ಟದ ಭಯ, ಬೀದಿಯ ಮೈಮರೆವು



ಕಳೆದ ವಾರ ನಮ್ಮ ಎಂಟನೇ ತರಗತಿಯ ಮಕ್ಕಳನ್ನು ರಾಮದೇವರ ಬೆಟ್ಟಕ್ಕೆ ಕರೆದೊಯ್ಯಲು ಪೋಷಕರ ಒಪ್ಪಿಗೆ ಕೇಳಿದ್ದೆವು. ಒಬ್ಬ ತಾಯಿ ಸಹಿ ಹಾಕದೆ ನಿಂತರು. "ಬಂಡೆ, ಹಾವು, ಹೆಜ್ಜೇನು... ಏನಾದ್ರೂ ಆದ್ರೆ ಯಾರು ಗತಿ ಸಾರ್?" ಎಂದರು. ಅವರ ಭಯ ಸುಳ್ಳಲ್ಲ. ಆದರೆ ಅದೇ ತಾಯಿ ಎರಡೂ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಯಾರಿಗೂ ಹೆಲ್ಮೆಟ್ ಇಲ್ಲದೆ, ಹೆದ್ದಾರಿಯ ಸರ್ವಿಸ್ ರಸ್ತೆಗೆ ಇಳಿದರು.

ನನಗೆ ನಗು ಬಂತು. ಮರುಕ್ಷಣ ನನ್ನದೇ ಹೆಲ್ಮೆಟ್ ಕಣ್ಣಿಗೆ ಬಿತ್ತು. ಗಾಡಿಯ ಕನ್ನಡಿಗೆ ನೇತಾಡುತ್ತಿತ್ತು. ಚನ್ನಪಟ್ಟಣದಿಂದ ದಿನಾ ಹಾಗೇ ಬರುತ್ತೇನೆ. ಪೊಲೀಸರು ಕಂಡರೆ ಮಾತ್ರ ಅದು ತಲೆಗೆ.

*ಲೆಕ್ಕ ಏನು ಹೇಳುತ್ತದೆ?*
2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದ ಸವಾರರು ಮತ್ತು ಹಿಂದೆ ಕೂತವರು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೆಂದು ಕಾನೂನೇ ಹೇಳುತ್ತದೆ.

ಹಾಗಂತ ಬೆಟ್ಟ ಕ್ಷೇಮ ಎನ್ನಲಾರೆ. ಮಳೆ ಬಿದ್ದ ಮೇಲೆ ಸಾವನದುರ್ಗದ ಬಂಡೆ ಜಾರುತ್ತದೆ. ಕನಕಪುರದ ಮೇಕೆದಾಟಿನಲ್ಲಿ ನೀರಿಗಿಳಿದು ಜೀವ ಕಳೆದುಕೊಂಡವರಿದ್ದಾರೆ. ಗಂಟೆಗೆ ಗಂಟೆ ತೂಗಿದರೆ ಬೆಟ್ಟದ ಅಪಾಯವೇ ಹೆಚ್ಚಿರಬಹುದು. ಆದರೆ ಬೆಟ್ಟಕ್ಕೆ ಹೋಗುವುದು ವರ್ಷಕ್ಕೊಮ್ಮೆ, ರಸ್ತೆಗೆ ದಿನಕ್ಕೆ ಎರಡು ಸಲ. ಸಣ್ಣ ಅಪಾಯವೂ ನೂರಾರು ಸಲ ಕೂಡಿದರೆ ದೊಡ್ಡದೇ. ಮೇಲಾಗಿ ಬೆಟ್ಟದಲ್ಲಿ ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತೇವೆ. ರಸ್ತೆಯಲ್ಲಿ ಕೈ ಹ್ಯಾಂಡಲ್ ಮೇಲಿರುತ್ತದೆ, ಮನಸ್ಸು ಇನ್ನೆಲ್ಲೋ.

ನಮ್ಮ ತಂದೆ ಮಾಗಡಿ ಕಡೆಯ ಬಂಡೆಗಳ ಮೇಲೆ ಬರಿಗಾಲಲ್ಲಿ ಮೇಕೆ ಮೇಯಿಸಿ ಬೆಳೆದವರು. ಒಂದು ದಿನವೂ ಜಾರಲಿಲ್ಲವಂತೆ. ಅವರು ಬಿದ್ದದ್ದು ಮನೆಯ ಬಚ್ಚಲಲ್ಲಿ. ಮತ್ತೆ ಏಳಲಿಲ್ಲ.

*ಧಮ್ಮ ಏನು ಹೇಳುತ್ತದೆ?*
ಅಂಗುತ್ತರ ನಿಕಾಯದಲ್ಲಿ ಮರಣಸ್ಸತಿಯ ಕುರಿತ ಸುತ್ತಗಳಿವೆ. ಸಾವು ಬರುವ ದಾರಿಗಳನ್ನು ಭಗವಾನರು ಅಲ್ಲಿ ಎಣಿಸುತ್ತಾರೆ: ಹಾವು ಕಚ್ಚಬಹುದು, ಚೇಳು ಕುಟುಕಬಹುದು, ಹಾಗೆಯೇ ಎಡವಿ ಬೀಳಬಹುದು, ಉಂಡ ಅನ್ನವೇ ಒಗ್ಗದೆ ಹೋಗಬಹುದು. ಕಾಡಿನ ಅಪಾಯ, ಮನೆಯ ಅಪಾಯ ಎರಡೂ ಒಂದೇ ಸಾಲಿನಲ್ಲಿವೆ. ಇದನ್ನು ಹೆದರಿಸಲು ಹೇಳಿದ್ದಲ್ಲ. ಈ ರಾತ್ರಿಯೇ ಸತ್ತರೆ ನನ್ನೊಳಗೆ ಬಿಡದೆ ಉಳಿದ ಅಕುಶಲ ಏನಿದೆ ಎಂದು ನೋಡಿಕೊಳ್ಳಲು. ಇದ್ದರೆ, ತಲೆಗೆ ಬೆಂಕಿ ಹತ್ತಿದವರು ಅದನ್ನು ಆರಿಸಲು ಧಾವಿಸುವಂತೆ ಪ್ರಯತ್ನಿಸಲು.

ಭಯವೇ ಬೇರೆ, ಅಪ್ಪಮಾದವೇ ಬೇರೆ. ಭಯ ಹೊಸದನ್ನು ಕಂಡು ಬೆಚ್ಚುತ್ತದೆ, ಅಭ್ಯಾಸವಾದದ್ದನ್ನು ಮರೆಯುತ್ತದೆ. ಅಪ್ಪಮಾದ, ಅಂದರೆ ಎಚ್ಚರ, ಅಭ್ಯಾಸವಾದದ್ದರ ಕಡೆಗೂ ಕಣ್ಣಿಡುತ್ತದೆ.

ಮರುದಿನ ಆ ತಾಯಿಗೆ ಅಂಕಿ ಅಂಶ ಒಪ್ಪಿಸಲಿಲ್ಲ. ನನ್ನ ಹೆಲ್ಮೆಟ್ಟಿನ ಕಥೆಯನ್ನೇ ಹೇಳಿದೆ. ನಾಲ್ವರು ಶಿಕ್ಷಕರು ಜೊತೆಗಿರುತ್ತೇವೆ, ಕಂಬಿ ದಾಟಲು ಯಾರನ್ನೂ ಬಿಡುವುದಿಲ್ಲ ಎಂದೂ ಹೇಳಿದೆ. ಅವರು ಸಹಿ ಹಾಕಿ, "ನೀವು ದಿನಾ ಹಾಕ್ಕೊಳ್ಳಿ ಸಾರ್, ನಾನೂ ಮಕ್ಕಳಿಗೆ ತರ್ತೀನಿ" ಎಂದರು. ಈಗ ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ!

*ಇಂದಿನ ಅಭ್ಯಾಸ:* ಗಾಡಿಗೆ ಕೀಲಿ ಹಾಕುವ ಮುನ್ನ, ಬಚ್ಚಲಿಗೆ ಕಾಲಿಡುವ ಮುನ್ನ ಒಂದು ಉಸಿರನ್ನು ಗಮನಿಸಿ. ಬೆಟ್ಟದಲ್ಲಿ ಇಡುವ ಹೆಜ್ಜೆಯನ್ನೇ ಇಲ್ಲೂ ಇಡಿ.

ಸರ್ವರಿಗೂ ಮಂಗಳವಾಗಲಿ. 🪷