ಹಬ್ಬದ ರಜೆಯಲ್ಲಿ ಪಂಜರದ ಗಿಳಿ



ದಸರೆಯ ರಜೆ ಬಂದಿತೆಂದರೆ ಮನೆ ತುಂಬ ಮಕ್ಕಳು. ಅದರ ಬೆನ್ನಿಗೇ ದೀಪಾವಳಿ. ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುವುದನ್ನು ನಾವು ಯಾರೂ ಮರೆಯುವುದಿಲ್ಲ. ಆದರೆ ಜಗಲಿಯಲ್ಲಿ ತೂಗುಹಾಕಿದ ಪಂಜರದೊಳಗಿನ ಪುಟ್ಟ ಜೀವದ ನೆನಪು ಹಬ್ಬದ ಗಡಿಬಿಡಿಯಲ್ಲಿ ಎಷ್ಟು ಮನೆಗಳಲ್ಲಿ ಇರುತ್ತದೆ?

ಒಂದು ಮನೆಯ ಸಂಗತಿ ಕೇಳಿರಿ. ಮಕ್ಕಳ ಆಸೆಗೆಂದು ಪೇಟೆಯಿಂದ ಒಂದು ಜೊತೆ ಹಕ್ಕಿ ತಂದಿದ್ದರು. ನೀರು ತುಂಬುವ ಹಬ್ಬದ ರಾತ್ರಿ ಪಂಜರ ಜಗಲಿಯಲ್ಲಿಯೇ ಉಳಿಯಿತು. ಬೀದಿಯಲ್ಲಿ ಪಟಾಕಿಯ ಸರ ಹೊತ್ತಿಕೊಂಡಾಗ ಹಕ್ಕಿಗಳು ದಿಕ್ಕುತೋಚದೆ ಕತ್ತಲಲ್ಲಿ ಸರಳುಗಳಿಗೆ ಬಡಿದುಕೊಂಡವು. ಬೆಳಗ್ಗೆ ಎಣ್ಣೆಸ್ನಾನಕ್ಕೆ ಎದ್ದು ನೋಡಿದರೆ ಒಂದು ಸತ್ತಿತ್ತು. ಇನ್ನೊಂದು ರೆಕ್ಕೆ ಮುರಿದುಕೊಂಡು ಮೂಲೆಯಲ್ಲಿ ಕುಳಿತಿತ್ತು. ಆ ಮನೆಯವರು ನಿರ್ದಯರಲ್ಲ. ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಹೊರಗಿನ ಹಕ್ಕಿ ಹೆದರಿದರೆ ಹಾರಿಹೋಗುತ್ತದೆ. ಪಂಜರದ ಹಕ್ಕಿಗೆ ಆ ದಾರಿಯಿಲ್ಲ. ಅದರ ಪರವಾಗಿ ಮುಂದಾಲೋಚನೆ ಮಾಡಬೇಕಾದವರು ನಾವೇ.

ಯಾವ ಗಿಳಿಯನ್ನು ಸಾಕಬಹುದು?

ಮೊದಲು ಇದನ್ನು ತಿಳಿಯುವುದು ಅಗತ್ಯ. ನಮ್ಮ ಹೊಲ ತೋಟಗಳಿಗೆ ಬರುವ, ಕೆಂಪು ಕೊಕ್ಕಿನ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮರದ ಪೊಟರೆಯಿಂದ ಮರಿ ತೆಗೆದು ಮಕ್ಕಳ ಕೈಗೆ ಕೊಡುವುದೂ ಕೂಡದು. ಅಂತಹ ಗಿಳಿ ಈಗಾಗಲೇ ಮನೆಯಲ್ಲಿದ್ದರೆ ಪಂಜರದ ಬಾಗಿಲು ತೆರೆದು ಬಿಟ್ಟುಬಿಡಬೇಡಿರಿ. ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕಲು ತಿಳಿಯದು. ಬೆಕ್ಕು, ಹದ್ದುಗಳ ಪಾಲಾದೀತು. ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ಕ್ರಮ.

ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಹೇಳಿ ಮಾರುವ ಹಳದಿ, ನೀಲಿ, ಹಸಿರು ಬಣ್ಣದ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಬಡ್ಜರಿಗರ್ ಎಂಬ ಗಿಳಿಗಳು. ಇವುಗಳ ಮೂಲ ಆಸ್ಟ್ರೇಲಿಯದ ಒಣ ಬಯಲು. ಅಲ್ಲಿ ಇವು ಹಿಂಡುಹಿಂಡಾಗಿ ಹಾರುತ್ತ ಹುಲ್ಲಿನ ಬೀಜ ತಿಂದು ಬದುಕುತ್ತವೆ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞರು ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದರು. ಅನಂತರ ಪಂಜರದಲ್ಲಿಯೇ ಮರಿಮಾಡಿಸಿ ಲೋಕವೆಲ್ಲ ಹರಡಿದರು. ಇಂತಹ ಹಕ್ಕಿಯ ತೂಕ ಸುಮಾರು 30ರಿಂದ 40 ಗ್ರಾಂ ಮಾತ್ರ. ಇಷ್ಟು ಹಗುರವಾದ ದೇಹಕ್ಕೆ ಸಣ್ಣ ಪೆಟ್ಟು, ಸ್ವಲ್ಪ ಹೊಗೆ, ಒಂದೆರಡು ದಿನದ ಉಪವಾಸವೇ ಸಾಕು, ಪ್ರಾಣಕ್ಕೆ ಬರುತ್ತದೆ.

ಸದ್ದಿನಿಂದ ಕಾಪಾಡುವ ಬಗೆ

ಪಟಾಕಿ ಹಚ್ಚುವ ದಿನಗಳಲ್ಲಿ ಹೊತ್ತು ಮುಳುಗುವ ಮೊದಲೇ ಪಂಜರವನ್ನು ಬೀದಿಗೆ ದೂರವಾದ ಒಳಕೋಣೆಗೆ ಸಾಗಿಸಿರಿ. ಕಿಟಕಿ ಮುಚ್ಚಿರಿ. ಪಂಜರದ ಮೂರು ಕಡೆಗೆ ತೆಳುವಾದ ಹತ್ತಿಬಟ್ಟೆ ಹೊದಿಸಿ, ಗಾಳಿಯಾಡಲು ಒಂದು ಕಡೆ ತೆರೆದಿಡಿರಿ. ಕೋಣೆಯನ್ನು ಪೂರ್ತಿ ಕತ್ತಲೆ ಮಾಡಬಾರದು. ಹೆದರಿದ ಹಕ್ಕಿಗೆ ಕೂರುವ ಕಡ್ಡಿ ಕಾಣಿಸದಿದ್ದರೆ ಸರಳಿಗೆ ಬಡಿದುಕೊಳ್ಳುತ್ತದೆ. ಸಣ್ಣ ದೀಪವೊಂದು ಉರಿಯುತ್ತಿರಲಿ. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಗಿಳಿಗಳಿಗೆ ರಾತ್ರಿಯ ಈ ಹೆದರಿಕೆ ಇನ್ನೂ ಹೆಚ್ಚು. ರೇಡಿಯೋ ಮೆಲ್ಲಗೆ ಹಾಡುತ್ತಿದ್ದರೆ ಹೊರಗಿನ ಸದ್ದು ಅಷ್ಟಾಗಿ ತಟ್ಟದು. ಮನೆಯವರೊಬ್ಬರು ಹತ್ತಿರ ಕುಳಿತು ನಿತ್ಯದ ದನಿಯಲ್ಲಿ ಮಾತನಾಡಿಸಿದರೆ ಮತ್ತೂ ಒಳಿತು.

ಹೊಗೆಯೇ ದೊಡ್ಡ ಶತ್ರು

ಹಕ್ಕಿಯ ಉಸಿರಾಟದ ಅಂಗಗಳು ಬಹು ಸೂಕ್ಷ್ಮ. ನಮಗೆ ಕೆಮ್ಮು ಬರಿಸದ ಹೊಗೆಯೂ ಅದಕ್ಕೆ ವಿಷವಾಗಬಹುದು. ಧೂಪ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿಯ ಹೊಗೆ, ಹಂಡೆ ಒಲೆಯ ಹೊಗೆ, ಹೊಸ ಬಣ್ಣದ ವಾಸನೆ—ಇವೆಲ್ಲವುಗಳಿಂದ ಪಂಜರ ದೂರವಿರಬೇಕು. ಅಡಿಗೆಮನೆಯಲ್ಲಂತೂ ಎಂದಿಗೂ ಇಡಬಾರದು. ಈಗ ಬಹಳ ಮನೆಗಳಲ್ಲಿರುವ ನಾನ್‌ಸ್ಟಿಕ್ ಕಾವಲಿ ಖಾಲಿಯಾಗಿ ಅತಿಯಾಗಿ ಕಾದರೆ ಅದರ ಲೇಪನದಿಂದ ಕಣ್ಣಿಗೆ ಕಾಣದ ವಿಷದ ಆವಿ ಏಳುತ್ತದೆ. ಅದನ್ನು ಉಸಿರಾಡಿದ ಹಕ್ಕಿ ಕೆಲವೇ ನಿಮಿಷಗಳಲ್ಲಿ ಸಾಯುವುದುಂಟು. ಹೋಳಿಗೆ ಸುಡುವ ದಿನ ಇದು ನೆನಪಿರಲಿ.

ತಿನಿಸು

ನೆಂಟರು ಬಂದಾಗ ಒಬ್ಬರು ಚಕ್ಕುಲಿ ತುಂಡು, ಇನ್ನೊಬ್ಬರು ಲಾಡು ಪಂಜರದೊಳಕ್ಕೆ ಚಾಚುವುದುಂಟು. ಪ್ರೀತಿಯಿಂದ ಕೊಟ್ಟದ್ದೇ ಕೇಡಾಗುತ್ತದೆ. ಉಪ್ಪು, ಸಕ್ಕರೆ, ಕರಿದ ಪದಾರ್ಥ, ಕಾಫಿ, ಚಹಾ, ಈರುಳ್ಳಿ ಬೇಡ. ಚಾಕೊಲೇಟು ಮತ್ತು ಬೆಣ್ಣೆಹಣ್ಣು ಗಿಳಿಗಳಿಗೆ ವಿಷ.

ಇವುಗಳ ನಿಜವಾದ ಹಬ್ಬದೂಟ ನಮ್ಮ ಹೊಲದಲ್ಲಿಯೇ ಇದೆ. ನವಣೆ, ಸಾಮೆ, ಬರಗು, ಸಜ್ಜೆ ಇವುಗಳಿಗೆ ಒಪ್ಪುವ ಕಾಳುಗಳು. ಜೊತೆಗೆ ತೊಳೆದ ಕೊತ್ತಂಬರಿ, ನುಗ್ಗೆಸೊಪ್ಪು, ತುರಿದ ಗಜ್ಜರಿ ಸ್ವಲ್ಪ ಸ್ವಲ್ಪ ಕೊಡಿರಿ. ಒಂದು ಎಚ್ಚರಿಕೆ: ಬಿತ್ತನೆಗೆಂದು ಔಷಧಿ ಬೆರೆಸಿದ ಬೀಜವನ್ನು ತಪ್ಪಿಯೂ ಹಾಕಬೇಡಿರಿ. ಹೊಸದಾಗಿ ಕೀಟನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನೂ ಕೊಡಬೇಡಿರಿ. ನೀರನ್ನು ದಿನವೂ ಬದಲಾಯಿಸತಕ್ಕದ್ದು.

ಆಟ ಮತ್ತು ಜೊತೆ

ಗಿಳಿ ಬುದ್ಧಿವಂತ ಹಕ್ಕಿ. ಕೆಲಸವಿಲ್ಲದೆ ಕುಳಿತರೆ ಬೇಸರದಿಂದ ತನ್ನ ಪುಕ್ಕವನ್ನೇ ಕಿತ್ತುಕೊಳ್ಳುವುದುಂಟು. ಆಟದ ಸಾಮಾನಿಗೆ ದುಡ್ಡು ಬೇಕಾಗಿಲ್ಲ. ನವಣೆಯ ತೆನೆಯೊಂದನ್ನು ಇಡಿಯಾಗಿ ಮೇಲಿನಿಂದ ಇಳಿಬಿಡಿರಿ. ಒಂದೊಂದೇ ಕಾಳು ಬಿಡಿಸುತ್ತ ಹೊತ್ತು ಕಳೆಯುತ್ತದೆ. ಕಾಳು ಬಿಡಿಸಿದ ಜೋಳದ ದಿಂಡು, ಬೇವಿನ ಹಸಿಕಡ್ಡಿ, ಸೀಬೆಯ ಕೊಂಬೆ ಕಡಿಯಲು ಒಳ್ಳೆಯವು. ಕೊಂಬೆಗಳ ದಪ್ಪ ಹೆಚ್ಚುಕಡಿಮೆ ಇದ್ದರೆ ಕಾಲಿಗೂ ಹಿತ. ತೋರಣದ ಬಣ್ಣದ ದಾರ, ಜರಿ, ಬೆಲೂನಿನ ಚೂರು ಮಾತ್ರ ಹತ್ತಿರ ಬಾರದಿರಲಿ. ದಾರ ಕಾಲಿಗೆ ಸುತ್ತಿಕೊಂಡೀತು, ಚೂರು ನುಂಗಿದರೆ ಒಳಗೆ ಸಿಕ್ಕಿಕೊಂಡೀತು.

ರಜೆಯಲ್ಲಿ ಮಕ್ಕಳು ಇಡೀ ದಿನ ಹಕ್ಕಿಯೊಡನೆ ಇರುತ್ತಾರೆ. ಶಾಲೆ ತೆರೆದ ದಿನ ಮನೆ ಒಮ್ಮೆಲೇ ಮೌನ. ಹಕ್ಕಿಗೆ ಇದರ ಅರ್ಥವಾಗದು. ಆದುದರಿಂದ ರಜೆ ಮುಗಿಯುವ ವಾರದಲ್ಲಿ ಅದನ್ನು ದಿನಕ್ಕಷ್ಟು ಹೊತ್ತು ಒಂಟಿಯಾಗಿ ಬಿಟ್ಟು ರೂಢಿ ಮಾಡಿಸಿರಿ. ಮಧ್ಯಾಹ್ನ ಮತ್ತು ರಾತ್ರಿ ಅದರ ನಿದ್ರೆಗೆ ಅಡ್ಡಿ ಮಾಡದಂತೆ ಮಕ್ಕಳಿಗೆ ತಿಳಿಹೇಳಿರಿ. ಹೊರಗೆ ಹಾರಲು ಬಿಡುವಾಗ ಬಾಗಿಲು, ಕಿಟಕಿ ಭದ್ರಪಡಿಸಿ, ಫ್ಯಾನು ನಿಲ್ಲಿಸಿ, ಉರಿಯುವ ದೀಪ ಆರಿಸಿರಿ.

ನೆಂಟರ ಊರಿಗೆ ಹೋಗುವಾಗ

ಎರಡು ಬಟ್ಟಲು ಕಾಳು ತುಂಬಿಟ್ಟು ಬೀಗ ಹಾಕಿ ಹೋಗುವುದು ತಪ್ಪು. ನೀರು ಚೆಲ್ಲೀತು, ಇರುವೆ ಮುತ್ತೀತು, ಬೆಕ್ಕು ಬಂದೀತು. ಬಟ್ಟಲಿನ ಮೇಲೆ ಬರಿಯ ಹೊಟ್ಟು ನಿಂತಿದ್ದರೂ ಕಾಳು ತುಂಬಿದಂತೆಯೇ ಕಾಣುತ್ತದೆ. ನೋಡುವವರು ಹೊಟ್ಟು ಊದಿ ನೋಡಬೇಕು. ನಂಬಿಕೆಯ ನೆರೆಯವರ ಮನೆಗೆ ಪಂಜರವನ್ನೇ ಒಪ್ಪಿಸಿ, ಎರಡು ದಿನ ಮುಂಚೆಯೇ ಅವರ ಕೈಯಿಂದ ಕಾಳು ಹಾಕಿಸಿ ರೂಢಿ ಮಾಡಿಸಿರಿ.

ಕಾಯಿಲೆಯ ಗುರುತು

ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುವುದು, ಮೇವು ಬಿಡುವುದು ಅಪಾಯದ ಗುರುತುಗಳು. ಬೆಚ್ಚಗಿಟ್ಟು ಅಂದೇ ಪಶುವೈದ್ಯರಿಗೆ ತೋರಿಸಿರಿ. ಗಿಳಿಯ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಒಂದು ಬಗೆಯ ಶ್ವಾಸಕೋಶದ ಜ್ವರ ತಗಲುವುದುಂಟು. ಪಂಜರದ ತಳವನ್ನು ಒದ್ದೆ ಮಾಡಿ ಬಳಿಯಿರಿ. ಸೋಪು ಹಚ್ಚಿ ಕೈ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಹಕ್ಕಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ಹೇಳಿರಿ.

ನೆನಪಿಡಬೇಕಾದ ಮಾತುಗಳು

1. ಊರಿನ ಹಸಿರು ಗಿಳಿಯ ಸ್ಥಾನ ಮರದಲ್ಲಿ, ಪಂಜರದಲ್ಲಲ್ಲ.
2. ಹೊತ್ತು ಮುಳುಗುವ ಮುನ್ನ ಪಂಜರ ಒಳಕೋಣೆಗೆ.
3. ಹೊಗೆ, ಕಾದ ನಾನ್‌ಸ್ಟಿಕ್ ಕಾವಲಿಯಿಂದ ದೂರ.
4. ಹಬ್ಬದ ತಿಂಡಿ ನಮಗೆ. ನವಣೆಯ ತೆನೆ ಹಕ್ಕಿಗೆ.
5. ಊರಿಗೆ ಹೋಗುವ ಮೊದಲು ನೋಡಿಕೊಳ್ಳುವವರ ಏರ್ಪಾಡು.

ಮಕ್ಕಳಿಗೆ ಹಕ್ಕಿ ತಂದುಕೊಟ್ಟಿದ್ದೇವೆ. ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ಅವರಿಗೆ ಕಲಿಸೋಣ. ಈ ಹಬ್ಬದಲ್ಲಿ ಪಂಜರವನ್ನು ಒಳಗೆ ತರುವ ಕೆಲಸ ಮನೆಯ ಮಗುವಿನದಾಗಲಿ.